ಐದನೆಯ ಹೂಂ

ನಮ್ಮ ತಂಡದಲ್ಲಿ ಐದು ಜನ ಇದ್ದೆವು. ಮಳೆಯವರು, ನೀರಿನವರು, ನಕ್ಷೆಯವರು, ಕಂಪ್ಯೂಟರಿನವಳು, ಕಡೆಗೆ ನಾನು. ಮೊದಲ ನಾಲ್ವರಿಗೂ ಒಂದೊಂದು ವಿದ್ಯೆ ಇತ್ತು. ನನಗೂ ಇತ್ತು, ಆದರೆ ಅದೂ ಒಂದು ವಿದ್ಯೆಯೇ ಎಂದು ಅವರು ಒಪ್ಪಿಕೊಳ್ಳಲು ಎರಡು ಮಳೆಗಾಲ ಹಿಡಿಯಿತು. ನಾನು ಧಾರವಾಡದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದವಳು. ದಿಢೀರ್ ಪ್ರವಾಹವನ್ನು ಮೊದಲೇ ಲೆಕ್ಕ ಹಾಕಿ ಹೇಳುವ ಸಂಶೋಧನೆಗೆ ನನ್ನಂಥವಳನ್ನು ಯಾಕೆ ಕರೆದರು ಎಂದು ಗೆಳತಿಯರು ಕೇಳುತ್ತಿದ್ದರು. ಅನುದಾನ ಕೊಡುವವರು ತಂಡದಲ್ಲಿ ಸಮಾಜವಿಜ್ಞಾನದವರೊಬ್ಬರು ಇರಬೇಕೆಂದು ಷರತ್ತು ಹಾಕಿದ್ದರು, ಅದಕ್ಕೆ ಕರೆದರು. ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸುತ್ತಾರಲ್ಲ, ಹಾಗೆ.

ನೀರಿನವರು ನಮ್ಮ ಮುಖ್ಯಸ್ಥರು. ನಿವೃತ್ತಿಗೆ ಹತ್ತಿರ ಬಂದಿದ್ದ ಇಂಜಿನಿಯರು, ಬಹಳ ಸಭ್ಯರು, ಯಾರ ಮೇಲೂ ದನಿ ಎತ್ತಿದವರಲ್ಲ. ಮೊದಮೊದಲು ಸಭೆಯಲ್ಲಿ ನಾನು ಬಾಯಿ ತೆಗೆದರೆ ಅವರು ನಗುನಗುತ್ತಲೇ ಹೇಳುತ್ತಿದ್ದರು: "ಮೇಡಮ್, ಲೆಕ್ಕಾ ಎಲ್ಲಾ ನಾವು ನೋಡ್ಕೋತೇವ್ರಿ. ನೀವು ಹೂಂ ಅನ್ರಿ, ಅಷ್ಟ ಸಾಕು." ಅದನ್ನು ಅವರು ಬೈಗುಳವೆಂದು ಹೇಳುತ್ತಿರಲಿಲ್ಲ. ನನಗೆ ವಿಶ್ರಾಂತಿ ಕೊಡುತ್ತಿದ್ದೇನೆಂದೇ ತಿಳಿದಿದ್ದರು. ಬಯ್ದರೆ ತಿರುಗಿ ಬಯ್ಯಬಹುದು, ಇಂಥ ಮರ್ಯಾದೆಗೆ ಏನು ಮಾಡುವುದು?

ನಾವು ಅಭ್ಯಾಸಕ್ಕೆ ಹಿಡಿದದ್ದು ಉಣಕಲ್ ಕಡೆಯಿಂದ ಇಳಿದು ಹುಬ್ಬಳ್ಳಿಯ ನಡುವೆ ಹಾಯುವ ಒಂದು ಹಳ್ಳ. ವರ್ಷದ ಹೆಚ್ಚಿನ ದಿನ ಅದನ್ನು ಯಾರೂ ಹಳ್ಳ ಎನ್ನುವುದಿಲ್ಲ, ಗಟಾರ ಎನ್ನುತ್ತಾರೆ. ಮೂಗು ಮುಚ್ಚಿಕೊಂಡು ದಾಟುತ್ತಾರೆ. ಆದರೆ ಮೇಲೆ ಎಲ್ಲೋ ಒಂದು ತಾಸು ಮಳೆ ಜಡಿದರೆ ಆ ಗಟಾರಿಗೆ ತಾನು ಹಳ್ಳ ಎಂಬ ನೆನಪು ಬರುತ್ತದೆ. ಮೊದಲು ನೀರು ಇಂಗುತ್ತಿದ್ದ ಕರಿ ಹೊಲಗಳೆಲ್ಲ ಈಗ ಲೇಔಟು, ಫರಸಿ, ಕಾಂಕ್ರೀಟು. ಬಿದ್ದ ನೀರೆಲ್ಲ ಒಟ್ಟಿಗೇ ಕೆಳಗೆ ಬರುತ್ತದೆ. ಇಲ್ಲಿ ಬಿಸಿಲಿರುತ್ತದೆ, ಜನ ಸಂಡಿಗೆ ಒಣಗಿಸುತ್ತಿರುತ್ತಾರೆ, ಅಷ್ಟರಲ್ಲಿ ಮನೆಯೊಳಗೆ ನೀರು. ನಮ್ಮ ಕೆಲಸ ಇಷ್ಟೇ: ಮೋಡ ಎಷ್ಟು ಸುರಿಯಬಹುದು, ಅದರಲ್ಲಿ ಎಷ್ಟು ಹಳ್ಳಕ್ಕೆ ಬರಬಹುದು, ಯಾವ ಓಣಿಗೆ ಎಷ್ಟು ಹೊತ್ತಿಗೆ ಮುಟ್ಟಬಹುದು ಎಂದು ಮೊದಲೇ ಹೇಳುವುದು. ಮೂರು ಸೇತುವೆಗಳ ಕೆಳಗೆ ನೀರಿನ ಎತ್ತರ ಅಳೆಯುವ ಪೆಟ್ಟಿಗೆ ಕೂರಿಸಿದ್ದೆವು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಮಾಡಿಸಿದ ಪೆಟ್ಟಿಗೆಗಳು. ಅವು ಕಳುಹಿಸಿದ ಅಂಕಿಗಳನ್ನು ಕಂಪ್ಯೂಟರಿನ ಹುಡುಗಿ ತನ್ನ ಮಾಡೆಲಿಗೆ ಉಣಿಸುತ್ತಿದ್ದಳು. ಮಾಡೆಲು ಹಸಿರು, ಹಳದಿ, ಕೆಂಪು ಎಂದು ಹೇಳುತ್ತಿತ್ತು. ಕೆಂಪಾದರೆ ಓಣಿಯ ಜನರ ಫೋನಿಗೆ ಮೆಸೇಜು.

ಜನ ಎಂದೆನಲ್ಲ, ಆ ಜನ ನನ್ನ ಪಾಲಿಗೆ ಬಂದವರು. ಬೆಂಗೇರಿಯಿಂದ ಕೆಳಗಿಳಿದರೆ ಹಳ್ಳದ ದಂಡೆಗೆ ಒಂದು ಇಕ್ಕಟ್ಟಿನ ಓಣಿ. ಪ್ರಶ್ನೆಗಳ ಹಾಳೆ ಹಿಡಿದು ಮನೆಮನೆ ತಿರುಗಿದೆ. ಹಾಗೆ ಸಿಕ್ಕವರು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದ ಒಬ್ಬ ಹೆಂಗಸು. ಓಣಿಗೆಲ್ಲ ಅವರು ರೊಟ್ಟಿ ಅಕ್ಕ. ನನಗಿಂತ ಎರಡು ಮೂರು ವರ್ಷ ಹಿರಿಯರಿರಬಹುದು. ಮುಂದಿನ ಕೋಣೆಯಲ್ಲಿ ಮೂರು ಒಲೆ, ಮೂರು ಜನ ಹೆಂಗಸರು, ರೊಟ್ಟಿ ಬಡಿಯುವ ಸಪ್ಪಳ ಓಣಿಯ ತುದಿಗೆ ಕೇಳುತ್ತಿತ್ತು. ಹಿಂದಿನ ಕೋಣೆಯಲ್ಲಿ ಅವರ ಅತ್ತೆ. ಓಣಿಯವರು ಆಯಿ ಎನ್ನುತ್ತಿದ್ದರು. ಲಕವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು, ಆದರೆ ಬಾಯಿ ಮಾತ್ರ ನೆಟ್ಟಗಿತ್ತು. ಗಂಡ ತೀರಿಕೊಂಡ ಮೇಲೂ ಸೊಸೆ ಅತ್ತೆಯನ್ನು ಬಿಟ್ಟಿರಲಿಲ್ಲ. ಒಲೆಯ ಮುಂದೆ ಕೂತು ಇವರು, ಹೊರಸಿನ ಮೇಲಿಂದ ಅವರು, ಇಡೀ ದಿನ ಒಬ್ಬರಿಗೊಬ್ಬರು ಬಯ್ದುಕೊಳ್ಳುತ್ತಿದ್ದರು. ಅಷ್ಟು ಪ್ರೀತಿಯ ಜಗಳ ನಾನು ಬೇರೆ ಕಡೆ ಕಂಡಿಲ್ಲ.

ನನ್ನ ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು. ನೀರು ಬರುವುದು ಎಷ್ಟು ಹೊತ್ತು ಮೊದಲು ತಿಳಿದರೆ ನಿಮಗೆ ಅನುಕೂಲ? ಬೇರೆಯವರೆಲ್ಲ ಬಾಯಿಗೆ ಬಂದದ್ದು ಹೇಳಿದರು. ಒಬ್ಬರು ಹತ್ತು ನಿಮಿಷ ಎಂದರೆ ಇನ್ನೊಬ್ಬರು ಒಂದು ವಾರ ಎಂದರು. ರೊಟ್ಟಿ ಅಕ್ಕ ಒಬ್ಬರೇ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಕೆಳಗಿಟ್ಟು ವಿಚಾರ ಮಾಡಿದರು.

"ಓಣ್ಯಾಗ ಆಟೋ ಬರೂದಿಲ್ರಿ ಮೇಡಮ್. ಅತ್ತಿನ್ನ ಕುರ್ಚಿ ಮ್ಯಾಲ ಕುಂಡ್ರಿಸಿ ಹೊತಗೊಂಡ ಹೋಗಬೇಕು. ನಾವು ಹೆಣ್ಮಕ್ಕಳ ಕಡೆ ಆಗೂದಿಲ್ಲ. ಹಿಂದಿನ ಓಣ್ಯಾಗ ಸೆಂಟ್ರಿಂಗ್ ಕೆಲಸದ ಅಣ್ಣತಮ್ಮರು ಅದಾರ, ಅವರಿಗೆ ಫೋನ್ ಹಚ್ಚಿ ಕರೀಬೇಕು. ಅವರು ಕೆಲಸ ಬಿಟ್ಟ ಬರಬೇಕು. ಮ್ಯಾಗಿನ ಕನ್ನಡ ಸಾಲಿತನ ಒಯ್ಯಬೇಕು. ಒಂದ ತಾಸು ಬೇಕ್ರಿ. ಅದಕ್ಕಿಂತ ಕಮ್ಮಿ ಆದ್ರ ಆಗೂದಿಲ್ಲ."

ಈ ಮಾತನ್ನು ನಾನು ಹಾಗೇ ಸಭೆಗೆ ಒಯ್ದೆ. ಮೊದಲ ಸಲ ನಾಲ್ವರೂ ಕಿವಿಗೊಟ್ಟು ಕೇಳಿದರು, ಯಾಕೆಂದರೆ ಅದರಲ್ಲಿ ಒಂದು ಅಂಕಿ ಇತ್ತು. ಕಂಪ್ಯೂಟರಿನ ಹುಡುಗಿ ಒಂದು ಚೀಟಿಯ ಮೇಲೆ 'ಒಂದು ತಾಸು' ಎಂದು ಬರೆದು ತನ್ನ ಪರದೆಯ ಅಂಚಿಗೆ ಅಂಟಿಸಿಕೊಂಡಳು. ಅವತ್ತಿನಿಂದ ನಮ್ಮ ಇಡೀ ಕೆಲಸದ ಗುರಿ ಅದೇ ಆಯಿತು. ಆಯಿಗೆ ಒಂದು ತಾಸು ಗಳಿಸಿಕೊಡುವುದು.

ಮೊದಲ ಕೆಂಪು ಬಂದದ್ದು ಮೇ ತಿಂಗಳ ಒಂದು ಸಂಜೆ. ಮಳೆಗಾಲಕ್ಕೆ ಮೊದಲು ಗುಡುಗಿ ಗದ್ದಲ ಮಾಡಿ ಬರುವ ಅಡ್ಡಮಳೆಯ ಕಾಲ. ಆಗ ಕೆಂಪು ಕಂಡರೆ ಮೆಸೇಜು ಕಳುಹಿಸುವ ಅಧಿಕಾರ ಮುಖ್ಯಸ್ಥರೊಬ್ಬರಿಗೇ ಇತ್ತು. ಅವರು ಕಳುಹಿಸಿದರು. ನಾನು ಆಗ ಧಾರವಾಡಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ, ಮೆಸೇಜು ಹೋದದ್ದು ನನಗೆ ತಿಳಿದದ್ದು ರೊಟ್ಟಿ ಅಕ್ಕನ ಫೋನಿನಿಂದ. ಫೋನಿನಲ್ಲಿ ಅವರು ಮಾತಾಡುತ್ತಿರಲಿಲ್ಲ, ಅಳುತ್ತಿದ್ದರು. ಹಿಂದೆ ಆಯಿಯ ಕೂಗು ಕೇಳುತ್ತಿತ್ತು.

ಮೆಸೇಜು ನೋಡಿ ಅವರು ಅಂದುಕೊಂಡಂತೆಯೇ ಎಲ್ಲ ಮಾಡಿದ್ದರು. ಅಣ್ಣತಮ್ಮಂದಿರು ಬಂದರು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಆಯಿಯನ್ನು ಕೂರಿಸಿ ಎತ್ತಿದರು. ಓಣಿಯ ತಿರುವಿನಲ್ಲಿ ನಳದ ಕಟ್ಟೆಯ ಹತ್ತಿರ ಪಾಚಿಗೆ ಒಬ್ಬನ ಕಾಲು ಜಾರಿತು. ಕುರ್ಚಿ ವಾಲಿತು. ಆಯಿ ಕಟ್ಟೆಯ ಮೇಲೆ ಬಿದ್ದರು, ತೊಡೆಯ ಎಲುಬು ಸೊಂಟದ ಹತ್ತಿರ ಮುರಿಯಿತು. ಹಳ್ಳಕ್ಕೆ ಅವತ್ತು ಒಂದು ಗೇಣು ನೀರೂ ಹೆಚ್ಚು ಬರಲಿಲ್ಲ. ಮೋಡ ಗಾಳಿಗೆ ಸರಿದು ಬೇರೆ ಎಲ್ಲೋ ಸುರಿದು ಹೋಯಿತು.

ಮರುದಿನದ ಸಭೆಯಲ್ಲಿ ಮುಖ್ಯಸ್ಥರಿಗೆ ನಿಜಕ್ಕೂ ಬೇಸರವಾಗಿತ್ತು. ಆದರೂ ಅವರು ಹೇಳಿದ್ದು ವಿಜ್ಞಾನದ ಮಾತನ್ನೇ. "ಮಾಡೆಲ್ ಹತ್ತರಾಗ ಏಳು ಅಂದಿತ್ರಿ. ಅಂದ್ರ ಮೂರ ಸಲ ಬರೂದಿಲ್ಲ ಅಂತನೂ ಅದರಾಗ ಬಂತಲ್ಲ. ತಪ್ಪು ಅನ್ನಾಕ ಬರೂದಿಲ್ಲ."

ನಾನು ಎದ್ದು ನಿಂತೆ. ಎಷ್ಟೋ ತಿಂಗಳು ನುಂಗಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ನಿಮ್ಮ ಆ ಮೂರರಾಗ ಒಂದು ಮುದುಕಿ ಎಲುಬು ಐತ್ರಿ ಸರ್," ಎಂದೆ. "ಆ ಓಣಿ ಹೆಂಗೈತಿ, ನೆಲ ಎಲ್ಲಿ ಜಾರತೈತಿ, ಮನ್ಯಾಗ ಯಾರು ಅದಾರ, ಇದನ್ನ ತಿಳದಾಕಿ ನಾನು. ನನ್ನ ಒಂದ ಮಾತು ಕೇಳಲಾರದ ಕಳಿಸಿದ್ರಿ. ಇನ್ನ ಮ್ಯಾಲ ಐದೂ ಮಂದಿ ಹೂಂ ಅನ್ನೂತನ ಮೆಸೇಜ್ ಹೋಗಬಾರದು. ಇಲ್ಲಂದ್ರ ನನ್ನ ಹೆಸರು ತಗದ ಒಗೀರಿ."

ನನ್ನ ಹೆಸರು ತೆಗೆದರೆ ಅನುದಾನ ನಿಲ್ಲುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಳೆಯವರು, ನಕ್ಷೆಯವರು ಮುಖ ಮುಖ ನೋಡಿಕೊಂಡು ತಲೆ ಅಲ್ಲಾಡಿಸಿದರು. ಕಂಪ್ಯೂಟರಿನ ಹುಡುಗಿ ಮಾತ್ರ ತಡೆದಳು. ಅವಳಿಗೆ ಮೂವತ್ತೂ ತುಂಬಿರಲಿಲ್ಲ, ಸಭೆಯಲ್ಲಿ ಮಾತಾಡಿದರೆ ಕಿವಿ ಕೆಂಪಾಗುತ್ತಿದ್ದವು.

"ಐದೂ ಮಂದಿ ಹೂಂ ಅನ್ನೂತನ ಹಳ್ಳ ಕಾಯ್ತೈತೇನ್ರಿ ಮೇಡಮ್?" ಎಂದಳು.

"ನಿನ್ನ ಮಷೀನಿಗೆ ಎಲುಬಿಲ್ಲವ್ವಾ, ಅದಕ್ಕ ನಿನಗ ಅವಸರ," ಎಂದೆ. ಎಲ್ಲರೂ ನಕ್ಕರು. ಹುಡುಗಿಯೂ ನಗಲು ಪ್ರಯತ್ನಿಸಿದಳು. ಆ ಮಾತು ನನಗೆ ಅವತ್ತು ಬಹಳ ಚೆನ್ನಾಗಿ ಹೊಳೆದ ಮಾತೆನಿಸಿತ್ತು. ಆಮೇಲೆ ನಾಲ್ಕಾರು ಕಡೆ ನಾನೇ ಹೇಳಿಕೊಂಡು ತಿರುಗಿದೆ. ಈಗ ನೆನಪಾದರೆ ಬಾಯಿ ಕಹಿಯಾಗುತ್ತದೆ.

ನಿಯಮ ಬರೆದರು, ಐದೂ ಜನ ಸಹಿ ಹಾಕಿದೆವು. ಕೆಂಪು ಕಂಡರೆ ಹುಡುಗಿ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಬೇಕು. ಒಬ್ಬೊಬ್ಬರೂ ತಮ್ಮ ತಮ್ಮ ವಿದ್ಯೆಯ ಕಡೆಯಿಂದ ನೋಡಿ ಹೂಂ ಎನ್ನಬೇಕು. ಐದನೆಯ ಹೂಂ ಬಿದ್ದ ಮೇಲೆಯೇ ಓಣಿಗೆ ಮೆಸೇಜು. ಯಾರಾದರೂ ಬೇಡ ಎಂದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಬರುವ ಮುಂದಿನ ರೀಡಿಂಗಿಗೆ ಕಾಯಬೇಕು. ಬಹುಶಿಸ್ತೀಯ ತಂಡ ಎಂದರೆ ಇದು ಎಂದು ಅನುದಾನದವರು ವರದಿಯಲ್ಲಿ ಮೆಚ್ಚಿ ಬರೆದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆಯಿಗೆ ವಯಸ್ಸಾಗಿತ್ತೆಂದು ಡಾಕ್ಟರು ಆಪರೇಷನ್ ಮಾಡಲಿಲ್ಲ. ಮೊದಲು ಕುರ್ಚಿಯ ಮೇಲಾದರೂ ಕೂರುತ್ತಿದ್ದವರು ಈಗ ಹೊರಸಿಗೇ ಅಂಟಿಕೊಂಡರು. ಹೊರಳಿಸಿದರೆ ಕಿರುಚುತ್ತಿದ್ದರು. ನಾನು ಹಣ್ಣು ಹಿಡಿದು ನೋಡಲು ಹೋದಾಗ ಗೋಡೆಯ ಕಡೆ ಮುಖ ತಿರುಗಿಸಿದರು. ರೊಟ್ಟಿ ಅಕ್ಕನಿಗೆ ನಾನು ಹೊಸ ನಿಯಮ ವಿವರಿಸಿದೆ. "ಇನ್ನ ಮ್ಯಾಲ ನನ್ನ ಕೇಳಲಾರದ ನಿಮಗ ಮೆಸೇಜ್ ಬರೂದಿಲ್ರಿ. ನಾ ಅದೇನಿ," ಎಂದೆ. "ಛಲೋ ಆತ್ರಿ ಮೇಡಮ್," ಎಂದರು ಅವರು. "ನೀವಿದ್ರ ನಮಗೇನ ಚಿಂತಿ?" ಮುಂದೆ ಯಾವಾಗ ಮೋಡ ಕವಿದರೂ ಓಣಿಯವರು ಹಳ್ಳದ ಕಡೆ ನೋಡುವುದು ಬಿಟ್ಟು ಫೋನಿನ ಕಡೆ ನೋಡತೊಡಗಿದರು. ನಾನೇ ಕಲಿಸಿದ ಅಭ್ಯಾಸ.

ಆ ಮಳೆಗಾಲ ಸುಮ್ಮನೆ ಕಳೆಯಿತು. ಎರಡು ಸಲ ಹಳದಿ ಬಂತು, ಇಳಿಯಿತು. ದಸರೆ ಮುಗಿದು ಚಿತ್ತಿ ಮಳೆಯ ದಿನಗಳು. ಒಂದು ಶನಿವಾರ ಮಧ್ಯಾಹ್ನ ನಾನು ಧಾರವಾಡದ ಮನೆಯಲ್ಲಿ ಊಟ ಮುಗಿಸಿ, ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮೂರಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಫೋನು ಟಿಣ್ ಎಂದಿತು. ಹುಡುಗಿ ಬರೆದಿದ್ದಳು: ಕೆಂಪು ಬಂದಿದೆ, ಹತ್ತರಲ್ಲಿ ಆರು, ಓಣಿಗೆ ನೀರು ನಾಲ್ಕೂಕಾಲು ಗಂಟೆಯ ಆಸುಪಾಸಿಗೆ.

ಮಳೆಯವರ ಹೂಂ ಬಂತು. ನಕ್ಷೆಯವರದು ಬಂತು. ಮುಖ್ಯಸ್ಥರದು ಬಂತು, ಹುಡುಗಿ ತನ್ನದನ್ನು ಮೊದಲೇ ಹಾಕಿದ್ದಳು. ನಾಲ್ಕು ಹೂಂ ಒಂದರ ಕೆಳಗೊಂದು ಕೂತು ನನ್ನನ್ನು ಕಾಯುತ್ತಿದ್ದವು.

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಬಿಸಿಲು. ಹೋದ ಸಲ ಹತ್ತರಲ್ಲಿ ಏಳು ಎಂದದ್ದೇ ಸುಳ್ಳಾಗಿತ್ತು, ಇದು ಆರು. ಹೊರಸಿನ ಸಮೇತ ಆಯಿಯನ್ನು ಎತ್ತಬೇಕು, ಆ ತಿರುವು ದಾಟಬೇಕು, ಕೂಡಿರದ ಎಲುಬು ಅಲುಗಾಡುತ್ತದೆ. ಮತ್ತೆ ಸುಳ್ಳಾದರೆ ಓಣಿಯವರು ಇನ್ನೆಂದೂ ನಮ್ಮ ಮಾತು ನಂಬುವುದಿಲ್ಲ. ಇದನ್ನೆಲ್ಲ ನಾನು ಗುಂಪಿನಲ್ಲಿ ವಿವರವಾಗಿ ಬರೆದೆ. ಒಳ್ಳೆಯ ಪ್ರಬಂಧದ ಪ್ಯಾರಾದಂತೆ ಬರೆದೆ. ಕೊನೆಗೆ: ಇನ್ನೊಂದು ರೀಡಿಂಗ್ ನೋಡೋಣ.

ಇಷ್ಟನ್ನು ನಾನು ಎಲ್ಲರಿಗೂ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ನಾಲ್ಕು ಜನ ವಿದ್ವಾಂಸರು ಫೋನು ಹಿಡಿದುಕೊಂಡು ನನ್ನ ಒಂದು ಶಬ್ದಕ್ಕೆ ಕಾಯುತ್ತಿದ್ದಾರೆ ಎಂಬುದು ನನಗೆ ಸುಖವಾಗಿತ್ತು. ಉಪ್ಪಿನಕಾಯಿಗೆ ಎಲೆಯೇ ಕಾಯುವ ಸುಖ. ಅದು ಎಷ್ಟು ಪಾಲು ಇತ್ತು, ಕರುಣೆ ಎಷ್ಟು ಪಾಲು ಇತ್ತು, ನನಗೆ ಇವತ್ತಿಗೂ ಬೇರೆ ಮಾಡಲು ಬಂದಿಲ್ಲ.

ಮೂರು ಹತ್ತಕ್ಕೆ ಹುಡುಗಿ ಬರೆದಳು, ಹತ್ತರಲ್ಲಿ ಐದು. ನೋಡಿದಿರಾ, ಎಂದು ಬರೆದೆ. ಮೂರೂವರೆಗೆ ಏಳು. ನನ್ನ ಬೆರಳು ಹೂಂ ಬರೆಯಲು ಹೋಗಿ ನಿಂತಿತು. ಐದರಿಂದ ಏಳಕ್ಕೆ ಹಾರಿದ್ದು ಮತ್ತೆ ನಾಲ್ಕಕ್ಕೆ ಇಳಿಯುವುದಿಲ್ಲವೆಂದು ಯಾರು ಹೇಳಬೇಕು? ಇದೊಂದು ಸಲ ನೋಡೋಣ ಎಂದೆ. ಯಾರೂ ಎದುರು ಮಾತಾಡಲಿಲ್ಲ. ಮುಖ್ಯಸ್ಥರು ಒಂದು ಕೈಮುಗಿದ ಚಿತ್ರ ಹಾಕಿದರು. ಮೂರೂ ಮುಕ್ಕಾಲಿಗೆ ಹುಡುಗಿ ನಿಯಮ ಬಿಟ್ಟು ನೇರ ನನಗೆ ಫೋನು ಮಾಡಿದಳು. "ಮೇಡಮ್, ಮ್ಯಾಲಿನ ಸೇತುವೆ ಪೆಟ್ಟಿಗಿ ಒಮ್ಮೆಲೆ ಆಳುದ್ದ ತೋರಸಾಕತ್ತೈತ್ರಿ. ಹೂಂ ಅನ್ರಿ, ನಿಮ್ಮ ಕಾಲಿಗೆ ಬೀಳ್ತೇನಿ." ಬಾಯಲ್ಲಿ ಹೇಳಿದರೆ ನಿಯಮಕ್ಕೆ ನಡೆಯುವುದಿಲ್ಲ, ಬರೆಯಬೇಕು. ಗುಂಪು ತೆರೆದು ಬರೆಯುವಷ್ಟರಲ್ಲಿ ಅಕ್ಷರ ಎರಡು ಸಲ ತಪ್ಪಿತು. ನನ್ನ ಹೂಂ ಬಿದ್ದದ್ದು ನಾಲ್ಕಕ್ಕೆ ಹತ್ತು ನಿಮಿಷವಿರುವಾಗ. ಸರಿಯಾಗಿ ಒಂದು ತಾಸು ತಡ.

ನೀರು ಮಾಡೆಲು ಹೇಳಿದ್ದಕ್ಕಿಂತ ಹತ್ತು ನಿಮಿಷ ಮೊದಲೇ ಬಂತು.

ಮರುದಿನ ಬೆಳಿಗ್ಗೆ ಓಣಿಗೆ ಹೋದೆ. ಎಲ್ಲ ಮನೆಗಳ ಮುಂದೆ ಕೆಸರು ತುಂಬಿದ ಗಾದಿ, ಟೀವಿ, ಮಕ್ಕಳ ಪುಸ್ತಕ. ರೊಟ್ಟಿ ಅಕ್ಕನ ಮೂರೂ ಒಲೆ ಒಡೆದು ಹೋಗಿದ್ದವು, ಜೋಳದ ಹಿಟ್ಟು ನೆಂದು ಗೋಡೆಗೆ ಅಂಟಿತ್ತು. ಮೆಸೇಜು ಬಂದಾಗ ಅವರು ಅಣ್ಣತಮ್ಮಂದಿರಿಗೆ ಫೋನು ಮಾಡಿದರಂತೆ. ಅವರು ಕೆಲಸ ಬಿಟ್ಟು ಓಡಿ ಬರುವಷ್ಟರಲ್ಲಿ ಓಣಿಯ ಬಾಯಿಯಲ್ಲಿ ಎದೆಯುದ್ದ ನೀರು, ದಾಟಲು ಆಗಿಲ್ಲ. ರೊಟ್ಟಿ ಬಡಿಯುವ ಮೂವರು ಹೆಂಗಸರೇ ಆಯಿಯನ್ನು ರೊಟ್ಟಿ ಪೇರಿಸುವ ಮೇಜಿನ ಮೇಲೆ ಎತ್ತಿ ಕೂರಿಸಿದ್ದಾರೆ. ನೀರು ಮೇಜಿನ ಮೇಲೂ ಬಂದಿದೆ. ಆಯಿಯ ತಲೆ ಮುಳುಗದಂತೆ ಸೊಸೆ ಅವರ ಸೊಂಟ ಬಳಸಿ ಹಿಡಿದು, ನೀರು ಇಳಿಯುವವರೆಗೆ ಎರಡು ತಾಸು ನಿಂತಿದ್ದಾರೆ. ಆಯಿ ಅಷ್ಟೂ ಹೊತ್ತು ಬಯ್ಯುತ್ತಿದ್ದರಂತೆ. ಆಮೇಲೆ ಬಯ್ಯುವುದು ನಿಂತಿತಂತೆ, ಆಗ ಹೆದರಿಕೆಯಾಯಿತಂತೆ.

ಎದೆಗೆ ನೀರಿಳಿದು ಜ್ವರ ಬಂತು. ಆಸ್ಪತ್ರೆಯಲ್ಲಿ ಒಂಬತ್ತನೆಯ ದಿನ ಆಯಿ ತೀರಿಕೊಂಡರು. ಕಾಗದದಲ್ಲಿ ನ್ಯುಮೋನಿಯಾ ಎಂದು ಬರೆದರು. ಪ್ರವಾಹದ ಬಗ್ಗೆ ನಾವು ಸಿದ್ಧ ಮಾಡಿದ ವರದಿಯಲ್ಲಿ 'ಜೀವಹಾನಿ' ಎಂಬ ಕಾಲಮ್ಮಿನ ಮುಂದೆ 'ಇಲ್ಲ' ಎಂದಿದೆ. ನೀರಿನಲ್ಲಿ ಸತ್ತವರನ್ನು ಮಾತ್ರ ಅಲ್ಲಿ ಬರೆಯುತ್ತಾರಂತೆ, ಆಸ್ಪತ್ರೆಯಲ್ಲಿ ಸತ್ತವರು ಬೇರೆ ಇಲಾಖೆಗೆ ಹೋಗುತ್ತಾರಂತೆ.

ನನ್ನನ್ನು ಯಾರಾದರೂ ಬಯ್ಯುತ್ತಾರೆಂದು ಕಾದೆ. ಬಯ್ದರೆ ಹಗುರಾಗುತ್ತಿತ್ತು. ಮುಂದಿನ ಸಭೆಗೆ ಹೋದಾಗ ಕೋಣೆಯಲ್ಲಿ ಸಣ್ಣ ಹಬ್ಬ ನಡೆದಂತಿತ್ತು. ಗೋಡೆಯ ಮೇಲೆ ಎರಡು ಗೆರೆಗಳ ಚಿತ್ರ ಬಿಟ್ಟಿದ್ದರು. ಒಂದು ಮಾಡೆಲು ಹೇಳಿದ ನೀರು, ಇನ್ನೊಂದು ಬಂದ ನೀರು. ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು. "ನೋಡ್ರಿ ಮೇಡಮ್," ಎಂದರು ಮುಖ್ಯಸ್ಥರು, "ನಮ್ಮ ಮಾಡೆಲ್ ಖರೇ ಹೇಳಿತ್ತು. ಇಷ್ಟು ಸಣ್ಣ ಹಳ್ಳಕ್ಕ, ಇಷ್ಟು ಮೊದಲ! ಯಾರೂ ನಂಬೂದಿಲ್ಲ." ಧಾರವಾಡ ಫೇಡೆಯ ಡಬ್ಬಿ ತೆರೆದು ನನ್ನ ಮುಂದೆ ಹಿಡಿದರು. ಕಂಪ್ಯೂಟರಿನ ಹುಡುಗಿ ಮಾತ್ರ ತನ್ನ ಪಾಲಿನ ಫೇಡೆಯನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲೆ ಬಿಟ್ಟು ಹೊರಗೆ ಹೋದಳು.

"ನಾನು ಬ್ಯಾಡ ಅಂದಿದ್ದೆ ಸರ್," ಎಂದೆ.

"ಅದು ನಿಮ್ಮ ವಿಷಯದಾಗ ನಿಮ್ಮ ತೀರ್ಮಾನ್ರಿ. ನಾವ್ಯಾರು ಕೇಳವರು?"

"ನೀವು ಮುಖ್ಯಸ್ಥರು. ನನ್ನ ಮಾತು ಮೀರಿ ಕಳಸಬಹುದಿತ್ತಲ್ಲ?"

"ನಿಮ್ಮ ನಿಯಮ ನಾ ಹೆಂಗ ಮುರೀಲಿ?" ಎಂದರು ಅವರು, ಅದೇ ಮೆದು ದನಿಯಲ್ಲಿ. ಆಗ ನನಗೆ ಅರ್ಥವಾಯಿತು. ನಾನು ಗೆದ್ದೆನೆಂದು ಹಿಗ್ಗಿದ ದಿನವೇ ಅವರು ಕೈ ತೊಳೆದುಕೊಂಡಿದ್ದರು. ಸುಳ್ಳಾದರೆ ನನ್ನ ತಲೆಗೆ, ತಡವಾದರೆ ನನ್ನ ತಲೆಗೆ. ಐದು ಜನ ಕೂಡಿ ಹೊರುವುದೆಂದರೆ ಯಾರೂ ಹೊರದಿರುವುದಕ್ಕೆ ಒಂದು ಚಂದದ ಹೆಸರು. ಇದನ್ನು ಅವರ ಮುಖಕ್ಕೆ ಹೇಳಲಿಲ್ಲ. ಹೇಳುವ ಹಕ್ಕು ನನಗೆಲ್ಲಿತ್ತು?

ಪ್ರಬಂಧ ಬರೆಯುವಾಗ ನನ್ನ ತಡವೂ ಉಪಯೋಗಕ್ಕೆ ಬಂತು. 'ನಿರ್ಧಾರದಲ್ಲಿ ಮಾನವೀಯ ವಿಳಂಬ' ಎಂದು ಒಂದು ಭಾಗ ಮಾಡಿ, ಅದನ್ನು ನನ್ನಿಂದಲೇ ಬರೆಸಿದರು. ನಾನು ಗುಂಪಿಗೆ ಹಾಕಿದ್ದ ಆ ಉದ್ದನೆಯ ಮೆಸೇಜು ಉದಾಹರಣೆಯಾಗಿ ಅಚ್ಚಾಯಿತು. ತಂಡದಲ್ಲಿ ಯಾರು ಏನು ಮಾಡಿದರೆಂಬ ಒಂದು ಕೋಷ್ಟಕವಿದೆ, ಅದರಲ್ಲಿ 'ನಿವಾಸಿಗಳ ಪರವಾಗಿ' ಎಂಬಲ್ಲಿ ನನ್ನ ಹೆಸರಿದೆ. ಒಂದು ದೊಡ್ಡ ಹೋಟೆಲಿನಲ್ಲಿ ಸಮ್ಮೇಳನವಾಯಿತು. ನಮ್ಮ ಭಾಗವೇ ಎಲ್ಲಕ್ಕಿಂತ ಚೆನ್ನಾಗಿತ್ತೆಂದು ಗುರುತಿಲ್ಲದವರು ಬಂದು ಬೆನ್ನು ತಟ್ಟಿದರು. ನಾನು ಹಲ್ಲು ಕಿಸಿದೆ. ಅಂಥ ಕಡೆ ಬೇರೇನು ಮಾಡಲು ಬರುತ್ತದೆ?

ರೊಟ್ಟಿ ಅಕ್ಕ ಹೊಸ ಒಲೆ ಹಾಕಿಸಿಕೊಂಡು ಕೆಲಸ ಶುರು ಮಾಡಿದ್ದರು. ಓಣಿಯ ಕೆಲವರು ನಮ್ಮ ಪೆಟ್ಟಿಗೆಗಳನ್ನು ಕಿತ್ತು ಒಗೆಯಬೇಕೆಂದು ಹೊರಟಾಗ ಅವರೇ ತಡೆದರಂತೆ. "ಪಾಪ, ಮಷೀನಿಗೇನ ಗೊತ್ತಾಗತೈತಿ? ತಿಳದ ಕೂಡ್ಲೆ ತಿಳಿಸ್ಯಾರ. ಮೇಡಮ್ ಅದಾರ ಅದರಾಗ," ಎಂದರಂತೆ. ಪಕ್ಕದ ಮನೆಯವರು ಇದನ್ನು ನನಗೆ ಹೇಳಿದ ಮೇಲೆ ಸುಮ್ಮನೆ ಇರುವುದು ನನ್ನಿಂದ ಆಗಲಿಲ್ಲ. ಅವರು ನನ್ನ ಪರ ಜಗಳಾಡಿದ್ದು ಮುಖಕ್ಕೆ ಹೊಡೆದಂತಾಯಿತು. ಒಂದು ದಿನ ಮಧ್ಯಾಹ್ನ, ಉಳಿದ ಹೆಂಗಸರು ಊಟಕ್ಕೆ ಹೋದ ಹೊತ್ತು ನೋಡಿ ಹೋದೆ. ಅವರು ರೊಟ್ಟಿ ಎಣಿಸಿ ಹತ್ತತ್ತರ ಕಟ್ಟು ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಿದ್ದರು. ಹಿಂದಿನ ಕೋಣೆಯ ಹೊರಸು ತೆಗೆದಿದ್ದರು. ಅಲ್ಲಿ ಈಗ ಜೋಳದ ಚೀಲ.

ನಾನು ಎಲ್ಲ ಹೇಳಿದೆ. ಮಷೀನು ಮೊದಲೇ ಹೇಳಿತ್ತು, ನಾಲ್ಕು ಜನ ಕಳಿಸೋಣ ಎಂದಿದ್ದರು, ತಡೆದವಳು ನಾನು.

ಅವರ ಕೈ ನಿಂತಿತು. "ಎಷ್ಟು ಮೊದಲ ಹೇಳಿತ್ರಿ?"

"ಮೂರಕ್ಕ ಹತ್ತು ಕಮ್ಮಿ ಇದ್ದಾಗ."

ನೀರು ಬಂದ ಹೊತ್ತಿನಿಂದ ಅವರು ಮನಸ್ಸಿನಲ್ಲೇ ಹಿಂದೆ ಎಣಿಸುತ್ತಿದ್ದುದು ಮುಖದ ಮೇಲೆ ಕಾಣುತ್ತಿತ್ತು. ಎಣಿಸಿ ಮುಗಿಯಿತು. ಬಯ್ಯಲಿಲ್ಲ, ಅಳಲಿಲ್ಲ.

"ಯಾಕ್ ಬ್ಯಾಡ ಅಂದ್ರಿ ಮೇಡಮ್?"

"ಹೋದ ಸಲ ಆಯಿ ಎಲುಬು ಮುರದಿತ್ತಲ್ರಿ. ಮತ್ತ ಸುಳ್ಳಾದ್ರ, ಮತ್ತ ಎತ್ತಿದಾಗ ಏನರ ಆದ್ರ... ನಿಮಗ ತ್ರಾಸ ಆಗಬಾರದಂತ."

ಅವರು ಕೈಯಲ್ಲಿದ್ದ ರೊಟ್ಟಿಯ ಕಟ್ಟು ಕೆಳಗಿಟ್ಟು ನನ್ನನ್ನು ನೋಡಿದರು. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಆ ನೋಟದಲ್ಲಿ ಇದ್ದದ್ದು ಆಶ್ಚರ್ಯ.

"ಅದನ್ನ ನನ್ನ ಕೇಳಬೇಕಿತ್ತಲ್ರಿ," ಎಂದರು. "ನನ್ನ ನಂಬರ್ ಇತ್ತಲ್ಲ ನಿಮ್ಮ ಕಡೆ. ಬರಬಹುದು, ಬರಲಿಕ್ಕಿಲ್ಲ, ಏನ ಮಾಡೋಣು ಅಂತ ಒಂದ ಮಾತ ಕೇಳಿದ್ರ ನಾ ಹೇಳ್ತಿದ್ದೆ. ಇನ್ನೊಂದ ಎಲುಬು ಮುರದ್ರ ಮುರೀಲಿ, ಎತ್ರಿ ಅಂತಿದ್ದೆ. ನಮ್ಮ ಅತ್ತಿ ಅಲ್ಲೇನ್ರಿ ಆಕಿ?"

ಅವರ ಮನೆಗೆ ನಾನು ಎಷ್ಟು ಸಲ ಹೋಗಿದ್ದೇನೆಂಬ ಲೆಕ್ಕವಿಲ್ಲ, ಅವರ ಬಗ್ಗೆ ನಾನು ಬರೆದ ಟಿಪ್ಪಣಿಗಳಿಂದ ಎರಡು ನೋಟ್‌ಬುಕ್ ತುಂಬಿವೆ. ಆ ಶನಿವಾರ ಮಧ್ಯಾಹ್ನ ಒಂದು ತಾಸು ನಾನು ನಾಲ್ಕು ಜನರಿಗೆ ರೊಟ್ಟಿ ಅಕ್ಕನ ಕಷ್ಟವನ್ನು ಬರೆದು ಬರೆದು ತಿಳಿಸುತ್ತಿದ್ದೆ. ಅವರಿಗೆ ಒಂದು ಸಲವೂ ಫೋನು ಮಾಡಲಿಲ್ಲ.